ಸೆರಗು ಹೊದ್ದ ಗಂಡಸರು

ಹುನಗುಂದದ ಕೋರ್ಟಿನಲ್ಲಿ ಎಂಥೆಂಥ ಸಾಕ್ಷಿಗಳ ಬೆವರಿಳಿಸಿದ ವಕೀಲರಾದ ನಮ್ಮ ಕಾಕಾಗೆ ಗಂಡು ಯಾವುದು, ಹೆಣ್ಣು ಯಾವುದು ಎಂಬುದೇ ತಿಳಿಯುತ್ತಿರಲಿಲ್ಲ ಎಂದರೆ ನಂಬುತ್ತೀರಾ? ನಂಬಲೇಬೇಕು. ಪ್ರತ್ಯಕ್ಷ ಸಾಕ್ಷಿ ನಾನಿದ್ದೇನೆ!

ಎಪ್ಪತ್ತರ ದಶಕದ ಕೊನೆಯ ಮಾತು. ಧಾರವಾಡದಲ್ಲಿ ಎಂ.ಎ. ಓದುತ್ತ, ಜಗತ್ತಿನ ಸಕಲ ಅನ್ಯಾಯಗಳಿಗೂ ಯಾರಾದರೊಬ್ಬರಿಂದ ಉತ್ತರ ವಸೂಲು ಮಾಡಿಯೇ ತೀರುವೆನೆಂದು ಹೊರಟಿದ್ದ ನಾನು ರಜೆಗೆಂದು ಅವರ ಮನೆಗೆ ಬಂದಿದ್ದೆ. ಅದೇ ವಾರ ಕಾಕಾ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ, ಗಾಜಿನ ಬರಣಿಯನ್ನು ಹಸುಗೂಸಿನಂತೆ ತೊಡೆಯ ಮೇಲೆ ಕೂರಿಸಿಕೊಂಡು, ಏಳು ಗಪ್ಪಿ ಮೀನುಗಳನ್ನು ತಂದರು. ಮೊಟ್ಟೆಯ ಗೊಡವೆಯಿಲ್ಲದೆ ನೇರವಾಗಿ ಮರಿಯನ್ನೇ ಹಾಕುವ ಜಾತಿ. ಒಂದು ಗಂಡಿಗೆ ಮೂರು ಹೆಣ್ಣಾದರೂ ಇರಬೇಕು, ಇಲ್ಲವಾದರೆ ಗಂಡುಗಳು ಹೆಣ್ಣನ್ನು ಅಟ್ಟಾಡಿಸಿ ಕೊಲ್ಲುತ್ತವೆ ಎಂದು ಅಂಗಡಿಯವನು ಎಚ್ಚರಿಸಿದ್ದನಂತೆ. ಕಾಕಾ ಇನ್ನೂ ಉದಾರಿ: ಆರು ಹೆಣ್ಣು, ಒಂದು ಗಂಡು. ಆರಿಸಿದವರು ಸ್ವತಃ ಅವರೇ!

"ಹೆಂಗ ಗುರುತು ಹಿಡಿದ್ರಿ ಕಾಕಾ?"

"ಕಣ್ಣಿಲ್ಲೇನವಾ ನಿನಗ? ಬಾಲ ನೋಡು, ಇಳಕಲ್ಲ ಸೀರಿ ಸೆರಗ ಇದ್ದಾಂಗ ಐತಿ. ಹೆಂಗಸರ ಬಿಟ್ಟು ಸೆರಗ ಯಾರು ಹೊಚಗೋತಾರ? ಈ ಬೆಳ್ಳಗಿನ ದಪ್ಪಂದು ಧೋತರದವ. ಗಂಡಸು!"

ಇಳಕಲ್ಲಿನ ಮಗ್ಗುಲಲ್ಲೇ ಹುಟ್ಟಿ ಬೆಳೆದವರ ಈ ವಾದಕ್ಕೆ ಮೇಲ್ಮನವಿ ಉಂಟೆ?

ಆದರೆ ಧೋತರದವನ ಪಾಡು ನೋಡುವಂತಿರಲಿಲ್ಲ. ಸೆರಗಿನವರು ಆರೂ ಮಂದಿ ಅವನ ಬೆನ್ನು ಹತ್ತಿದ್ದರು. ಆತ ನೀರಗಿಡದ ಮರೆಯಲ್ಲಿ ಅಡಗುತ್ತಿದ್ದ. "ಪಾಪ, ಆರು ಮಂದಿ ಹೇಣ್ತ್ಯಾರ ಕಾಟ!" ಎಂದು ಕಾಕಾ ಮರುಗಿದರು. ಎರಡನೆಯ ಮದುವೆಗೆ ದಾರಿ ಕೇಳಲು ಗುಡೂರಿನಿಂದ ಬಂದ ಕಕ್ಷಿದಾರನನ್ನು ಗಾಜಿನ ತೊಟ್ಟಿಯ ಮುಂದೆ ಕೂರಿಸಿ, "ನೋಡ್ಲೇ, ನಾಳೆ ನಿನ್ನ ಗತಿನೂ ಇದ!" ಎಂದರು. ಆತ ಚಪ್ಪಲಿಯನ್ನೂ ಮರೆತು ಓಡಿದ!

ಒಂದು ಮುಂಜಾನೆ ಕಾಕಾನ ಹೆಂಡತಿ, ನಮ್ಮ ಚಿಗವ್ವ, ಕೂಗಿದಳು: "ರೀ, ಲಗೂನ ಬರ್ರಿ! ನಿಮ್ಮ ಧೋತರದವ ಹಡದಾನ!"

ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ ಓಡಿಬಂದ ಕಾಕಾ ಕಂಡದ್ದೇನು? ನೀರಿನ ತುಂಬ ಎಳ್ಳುಕಾಳಿನಂಥ ಕಣ್ಣುಗಳು!

"ಗಂಡಸು ಹೆಂಗ ಹಡೀತಾನ?"

"ಅದು ಹೆಂಗಸ್ರಿ. ನನಗ ತಂದ ದಿನಾನ ಗೊತ್ತಾಗಿತ್ತು."

"ಹೆಂಗ?"

"ಆರು ಮಂದಿ ಸುತ್ತಗಟ್ಟಿ ಒಂದು ತುತ್ತು ತಿನ್ನಾಕ ಬಿಡವಲ್ರು. ಗುರುತು ಹಿಡಿಯಾಕ ಇನ್ನೇನ ಬೇಕ್ರಿ?"

ನಾನು ಬಿಡುತ್ತೇನೆಯೆ? "ಆರು ಗಂಡಸರ ನಡುವ ಒಬ್ಬಾಕಿನ್ನ ಬಿಟ್ಟವರು ಯಾರು? ಉತ್ತರ ಹೇಳ್ರಿ ಕಾಕಾ!"

ವಕೀಲರು ತೊಟ್ಟಿಯ ಮೇಲೆ ಬಾಗಿದರು. ಬಾಣಂತಿ ಮೀನು ಹರಿದ ರೆಕ್ಕೆಗಳೊಡನೆ ತಳದಲ್ಲಿ ಬಿದ್ದಿತ್ತು. "ಉಳೀತಾಳೇನ?" ಎಂದರು ಸಣ್ಣ ದನಿಯಲ್ಲಿ. ಆರೂ ಗಂಡುಗಳನ್ನು ಬಕೆಟ್ಟಿಗೆ ವರ್ಗಾಯಿಸಿದರು.

ಅಷ್ಟರಲ್ಲಿ ಒಳಗಿನಿಂದ ನಮ್ಮಜ್ಜ, "ರೊಟ್ಟಿ ಆತೇನವಾ?" ಎಂದ. "ಅವ್ವಾ, ಚಹಾ!" "ಅವ್ವಾ, ನನ್ನ ಅಂಗಿ?" ಎಂದು ಕಾಕಾನ ನಾಲ್ಕು ಗಂಡುಮಕ್ಕಳೂ ಶುರುಮಾಡಿದರು. ಕಾಕಾ ಕೂಡ, "ಏ, ನನ್ನ ಕರಿ ಕೋಟು..." ಎಂದವರು ಅಲ್ಲಿಗೇ ನಿಂತರು. ಬಕೆಟ್ಟನ್ನು ನೋಡಿದರು. ಚಿಗವ್ವನನ್ನು ನೋಡಿದರು.

"ಎಲ್ಲಾರೂ ಹೊರಗ ಬರ್ರಿಲೇ! ಇವತ್ತ ಊಟ ಖಾನಾವಳಿಯಾಗ!"

"ಯಾಕೋ? ಮನ್ಯಾಗ ಏನಾಗೇತಿ?" ಎಂದ ಅಜ್ಜ, ರುಮಾಲು ಸುತ್ತುತ್ತ.

"ಬಾಣಂತಿ ಅದಾಳ ಯಪ್ಪಾ, ನಡೀರಿ."

"ಯಾರಲೇ ಹಡದಾಕಿ?!"

ಬೇಯಿಸಿ ಹಾಕುವ ಸೊಸೆ ಮನೆಯಲ್ಲಿದ್ದೂ ಆರು ಗಂಡಸರು ಸಾಲಾಗಿ ಖಾನಾವಳಿಗೆ ನಡೆದದ್ದನ್ನು ಹುನಗುಂದ ಬಾಯಿ ತೆರೆದು ನೋಡಿತು!

ಮನೆ ನಿಶ್ಶಬ್ದವಾಯಿತು. ಚಿಗವ್ವ ಒಂದೇ ಒಂದು ರೊಟ್ಟಿ ಬಡಿದು, ಹಂಚಿನಿಂದ ನೇರವಾಗಿ ತನ್ನ ತಾಟಿಗೆ ಹಾಕಿಕೊಂಡು, ತೊಟ್ಟಿಯ ಮುಂದೆ ಕುಳಿತಳು. ಆಕೆ ಬಿಸಿ ರೊಟ್ಟಿ ತಿನ್ನುವುದನ್ನು ನಾನು ಕಂಡದ್ದು ಅದೇ ಮೊದಲು. ಹರಿದ ರೆಕ್ಕೆಯ ಮೀನು ತಳದಿಂದ ಮೆಲ್ಲನೆ ಮೇಲೆದ್ದು ಗಾಜಿನವರೆಗೆ ಬಂತು.

ಬಾಗಿಲ ಮೇಲೆ ಬೆರಳಿನ ಸದ್ದು. ಖಾನಾವಳಿಯಿಂದ ಮರಳಿದ್ದ, ತಮ್ಮ ಮನೆಯ ಬಾಗಿಲನ್ನು ತಾವೇ ಎಂದೂ ತಟ್ಟದ ಕಾಕಾ!

"ಒಳಗ ಬರ್ಲೇನ?"

"ನನ್ನ ಊಟ ಇನ್ನೂ ಮುಗದಿಲ್ರಿ."

"ಸಾವಕಾಶ ಉಣ್ಣು."

ಹೆಜ್ಜೆಗಳು ಹಿಂದೆ ಸರಿದವು. ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಕುಳಿತವರಿಗೆ ಕಾಕಾ ಪಿಸುಗುಡುವುದು ಕೇಳಿಸಿತು:

"ಸಪ್ಪಳ ಮಾಡಬ್ಯಾಡ್ರಿಲೇ. ಅಕಿ ಉಣ್ಣಾಕತ್ತಾಳ."