ಐನ್ ಸಖ್ರದಲ್ಲಿ ಹಗ್ಗ ಜೋಲು ಬೀಳುವುದಿಲ್ಲ

ಐನ್ ಸಖ್ರ ಪುರಸಭೆಯ ವ್ಯಾಪ್ತಿಯಲ್ಲಿ ಯಾವ ಹಗ್ಗವೂ, ಯಾವ ಕಾರಣಕ್ಕೂ, ಎಷ್ಟೇ ಭಾರ ಹೊತ್ತರೂ ಜೋಲು ಬೀಳುವುದಿಲ್ಲ. ಇದು ನಲವತ್ತೊಂದನೇ ಸುತ್ತೋಲೆಯ ಮೊದಲ ವಾಕ್ಯ. ಅದರ ಕರಡು ಬರೆದವನು ನಾನೇ. ಹಗ್ಗದ ವಿಷಯ ನನಗಿಂತ ಚೆನ್ನಾಗಿ ಬಲ್ಲವನು ನಮ್ಮ ಕಚೇರಿಯಲ್ಲಿ ಒಬ್ಬನೇ ಇದ್ದುದರಿಂದ ಅವನನ್ನು ಕೇಳದೆ ಬರೆಯಲಾಯಿತು.

ಸುತ್ತೋಲೆಗೆ ಕಾರಣ ಕಳೆದ ವರ್ಷದ ಸುರಕ್ಷತಾ ಸಪ್ತಾಹ. ನಮ್ಮ ಊರನ್ನು ಒಂದು ಕಮರಿ ಎರಡು ಹೋಳು ಮಾಡಿದೆ. ಅರವತ್ತು ಮೀಟರ್ ಅಗಲ, ಆಳ ಕೇಳಬೇಡಿ. ಪ್ರತಿ ವರ್ಷ ಈ ದಡದಿಂದ ಆ ದಡಕ್ಕೆ ಹಗ್ಗ ಕಟ್ಟಿ, ಒಬ್ಬ ಮನುಷ್ಯ ಅದರ ಮೇಲೆ ಜಾರಿಕೊಂಡು ಹೋಗಿ, ನಡುಮಧ್ಯೆ "ಸುರಕ್ಷತೆಯೇ ಮೊದಲು" ಎಂಬ ಬ್ಯಾನರು ತೂಗುಹಾಕಿ ಬರುವುದು ವಾಡಿಕೆ. ಹೋದ ವರ್ಷ ಗವರ್ನರ್ ಸಾಹೇಬರು ಬಂದು ಹಗ್ಗದ ಕಡೆ ನೋಡಿ, "ಏನ್ರೀ ಇದು, ಯಾರೋ ಹಲ್ಲು ಕಿರಿದ ಹಾಗಿದೆಯಲ್ಲ" ಎಂದು ಹೇಳಿ ಕಾಫಿಗೆ ಹೋದರು. ಆ ಒಂದು ಮಾತಿನ ಮೇಲೆ ಮೂರು ಸಭೆ ನಡೆದವು. ಪುರಸಭೆಯು ಗವರ್ನರರನ್ನು ನೋಡಿ ನಕ್ಕಿರುವುದು ಮೇಲ್ನೋಟಕ್ಕೆ ಸಾಬೀತಾಗಿದೆ ಎಂದು ತೀರ್ಮಾನವಾಯಿತು.

ನಾನು ಝುಬೀರ್, ಎತ್ತರ ಕಾಮಗಾರಿ ಶಾಖೆಯ ಮುಖ್ಯಸ್ಥ. ಶಾಖೆಯಲ್ಲಿ ಇರುವವರು ಇಬ್ಬರು. ಹಗ್ಗದ ಮೇಲೆ ಹೋಗುವವನು ಸಾಸಿ. ಅವನು ಹೋದ ಎಂದು ಸಹಿ ಹಾಕುವವನು ನಾನು. ನಮ್ಮ ಕಸುಬಿನಲ್ಲಿ ಹಳೆಯ ಕಟ್ಟಳೆಯೊಂದಿದೆ: ಹಗ್ಗದ ತುದಿಗಳನ್ನು ಯಾರು ಕಟ್ಟಿದರೋ ಅವರೇ ಮೊದಲು ದಾಟಬೇಕು. ಈ ಕಟ್ಟಳೆಯ ಮೇಲೆ ನನಗೆ ಅಪಾರ ಗೌರವವಿದ್ದುದರಿಂದ ಹನ್ನೊಂದು ವರ್ಷದಿಂದ ನಾನು ಒಂದು ಗಂಟನ್ನೂ ಮುಟ್ಟಿರಲಿಲ್ಲ.

ಈ ವರ್ಷದ ಸಭೆಯಲ್ಲಿ ನಿರ್ದೇಶಕರಾದ ಸಿ ಅಲ್ಲಾವಾ (ದೊಡ್ಡವರನ್ನು ನಮ್ಮಲ್ಲಿ 'ಸಿ' ಸೇರಿಸಿಯೇ ಕರೆಯುವುದು) ಹಗ್ಗ ಗೆರೆ ಎಳೆದಂತೆ ನೆಟ್ಟಗಿರಬೇಕೆಂದು ಅಪ್ಪಣೆ ಕೊಡಿಸಿದರು. ಸಾಸಿ ಎದ್ದು ನಿಂತ.

"ಸಿ ಅಲ್ಲಾವಾ, ಮೇಲೆ ಮನುಷ್ಯ ಹೋದ ಅಂದ್ಮೇಲೆ ಹಗ್ಗ ಜೋಲು ಬಿದ್ದೇ ಬೀಳುತ್ತೆ. ಬೀಳ್ಬೇಕು. ಆರು ಮೀಟರ್ ಜೋಲು ಬಿಟ್ರೆ, ನಮ್ಮ ಝುಬೀರಣ್ಣನೇ ಮಧ್ಯದಲ್ಲಿ ತೂಗಾಡಿದ್ರೂ ಒಂದೊಂದು ತುದಿಗೆ ಇನ್ನೂರ ಮೂವತ್ತು ಕೇಜಿ ಎಳೆತ. ಅದನ್ನೇ ಬಿಗಿದು ಅರವತ್ತು ಸೆಂಟಿಮೀಟರಿಗೆ ತಂದ್ರೆ ಎರಡು ಸಾವಿರದ ಮುನ್ನೂರು. ಪೂರ್ತಿ ನೆಟ್ಟಗೇ ಬೇಕು ಅಂದ್ರೆ ಕಟ್ಟಿದ ಕಂಬ ಕಿತ್ಕೊಂಡು ಬರುತ್ತೆ, ಅಷ್ಟೆ."

"ಒಬ್ಬ ಮನುಷ್ಯ ಎರಡು ಸಾವಿರ ಕೇಜಿ ಹೇಗಯ್ಯಾ ತೂಗ್ತಾನೆ? ಝುಬೀರ್ ಎಷ್ಟೇ ತಿಂದ್ರೂ ಅಷ್ಟಾಗಲ್ಲ. ಎಷ್ಟ್ರೀ ನೀವು?"

"ತೊಂಬತ್ತೆರಡು," ಎಂದೆ.

"ನೋಡು. ಅವರೇ ಒಪ್ಕೊಂಡ್ರು."

ಹೀಗೆ ವಿಜ್ಞಾನದ ಚರ್ಚೆ ಮುಗಿಯಿತು. ಸುತ್ತೋಲೆಗೆ ಮೂರನೇ ಕಲಮು ಸೇರಿತು: "ಹಗ್ಗದ ತುದಿಯ ಮೇಲಿನ ಎಳೆತವು ಸದರಿ ನೌಕರನ ತೂಕವನ್ನು ಮೀರತಕ್ಕದ್ದಲ್ಲ. ಮೀರಿದಲ್ಲಿ ಸದರಿ ತುದಿಯ ವಿರುದ್ಧ ಶಿಸ್ತುಕ್ರಮ ಜರುಗಿಸಲಾಗುವುದು." ಆ ಕಡೆಯ ಬಂಡೆಯಲ್ಲಿ ಒಳ್ಳೆಯ ಬೋಲ್ಟುಗಳಿದ್ದವು. ಈ ಕಡೆಯೂ ಬೋಲ್ಟು ಕೊರೆಯಲೆಂದು ಬಂದಿದ್ದ ಅನುದಾನದಲ್ಲಿ ಹಗ್ಗ ಸುತ್ತಿ ಬಿಗಿಯುವ ಐದು ಟನ್ನಿನ ವಿಂಚೊಂದನ್ನು ಕೊಳ್ಳಲಾಯಿತು. ಅದು ನಿರ್ದೇಶಕರ ಭಾವಮೈದುನನ ಅಂಗಡಿಯಲ್ಲಿ ಮೂರು ವರ್ಷದಿಂದ ಯಾರೂ ಕೇಳುವವರಿಲ್ಲದೆ ಕೂತಿತ್ತು. ಆದ್ದರಿಂದ ಈ ತುದಿಯನ್ನು ವೀಕ್ಷಣಾ ಕಟ್ಟೆಯ ಹಳೇ ಕಲ್ಲುಕಂಬಕ್ಕೆ ಕಟ್ಟುವುದೆಂದಾಯಿತು. ಕಂಬದ ಮೇಲೆ ಪಾರಿವಾಳ ಕೂತರೆ ಸುಣ್ಣ ಉದುರುತ್ತಿತ್ತು.

ಆ ಶುಕ್ರವಾರ ಮನೆಯಲ್ಲಿ ಒಂದು ಘಟನೆ ನಡೆಯಿತು. ಇಲಾಖೆಗೆ ಸಂಬಂಧಿಸಿದ್ದಲ್ಲವಾದರೂ ದಾಖಲಿಸುತ್ತೇನೆ. ನಮ್ಮ ಬಾಲ್ಕನಿಯ ಬಟ್ಟೆ ಒಣಗಿಸುವ ಹಗ್ಗ ಜೋಲಾಗಿರುವುದು ನನ್ನ ಕಣ್ಣಿಗೆ ಬಿತ್ತು. ಶಾಖಾ ಮುಖ್ಯಸ್ಥನ ಮನೆಯಲ್ಲೇ ಹೀಗಿದ್ದರೆ ಹೇಗೆಂದು ಅದನ್ನು ಗೋಡೆಯ ಕೊಕ್ಕೆಗೆ ಬಿಗಿದು ಬಿಗಿದು ನೆಟ್ಟಗೆ ಮಾಡಿದೆ. ಹೆಂಡತಿ ನುವಾರ ತೊಳೆದ ಉಣ್ಣೆಯ ಕಂಬಳಿಯನ್ನು ಅದರ ನಡುವಿಗೆ ಹಾಕಿದಳು. ಕೊಕ್ಕೆ ಗಾರೆಯನ್ನು ಕಿತ್ತುಕೊಂಡು, ಕಂಬಳಿಯನ್ನೂ ಕರೆದುಕೊಂಡು, ಕೆಳಗಿನ ಮನೆಯ ಹಜ್ಜಮ್ಮನ ಕಾಫಿ ತಟ್ಟೆಯ ಮೇಲೆ ಹೋಗಿ ಬಿತ್ತು.

"ಹದಿನೈದು ವರ್ಷ ಜೋಲಾಗಿದ್ದ ಹಗ್ಗದಲ್ಲೇ ಈ ಕಂಬಳಿ ಒಣಗಿಸ್ದೆ," ಎಂದಳು ನುವಾರ. "ನೀವು ಒಂದಿನ ನೆಟ್ಟಗೆ ಮಾಡಿದ್ರಿ, ಗೋಡೇನೇ ಹೋಯ್ತು. ಆಫೀಸಲ್ಲೂ ಇದೇನಾ ನಿಮ್ಮ ಕೆಲ್ಸ?"

"ಆಫೀಸಲ್ಲಿ ಅದಕ್ಕೆ ಸುತ್ತೋಲೆ ಇದೆ ಕಣೆ," ಎಂದೆ.

ನಿಜ ಹೇಳಬೇಕೆಂದರೆ ನನಗೆ ಆಗಲೇ ಹೆದರಿಕೆ ಹುಟ್ಟಿತು. ಆದರೂ ಶುಕ್ರ-ಶನಿವಾರದ ರಜೆ ಮುಗಿದು ಭಾನುವಾರ ಕಚೇರಿ ತೆರೆದಾಗ "ಜೋಲು: ಸೊನ್ನೆ" ಎಂಬ ನಮೂನೆಗೆ ಸಹಿ ಹಾಕಿದೆ. ನನ್ನ ಹೆದರಿಕೆ ಸಾಸಿಯ ಬಗ್ಗೆ ಆಗಿದ್ದುದರಿಂದ ತಡೆದುಕೊಳ್ಳುವಂತಿತ್ತು. ನಮೂನೆಯನ್ನು ಅವನ ಕೈಗೆ ಕೊಟ್ಟೆ.

"ನೆಟ್ಟಗೆ ನಾನು ಕಟ್ಟಲ್ಲ, ಅಣ್ಣ. ನೀವೇ ಕಟ್ಟಿ," ಎಂದ.

"ನಾನು ಕಟ್ಟಿದ್ರೆ ನಾನೇ ಮೊದಲು ದಾಟ್ಬೇಕಲ್ಲೋ!"

"ಹೌದಾ? ಹನ್ನೊಂದು ವರ್ಷದಿಂದ ನಾನೂ ಅದನ್ನೇ ಯೋಚಿಸ್ತಿದ್ದೆ."

ತೋಡಿದ ಹಳ್ಳಕ್ಕೆ ತಾನೇ ಬೀಳುವುದೆಂದರೆ ಇದೇ. ನನ್ನ ಹಳ್ಳ ಮಾತ್ರ ಊರಿನಷ್ಟೇ ಹಳೆಯದು, ತಳದಲ್ಲಿ ನದಿ ಬೇರೆ ಹರಿಯುತ್ತಿತ್ತು. ಬೇರೆ ದಾರಿ ಕಾಣದೆ ನಾನೇ ಕಟ್ಟಿದೆ. ವಿಂಚು ಎಳೆದ ಹಗ್ಗ ಊದ್ ವಾದ್ಯದ ತಂತಿಯ ಹಾಗೆ ಗುಂಯ್‌ಗುಟ್ಟಿತು. ಸಪ್ತಾಹದ ಉದ್ಘಾಟನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಸಿ ಅಲ್ಲಾವಾ ಸ್ವತಃ ರಸಮಟ್ಟ ಹಿಡಿದು ಪರೀಕ್ಷಿಸಿದರು. ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಇನ್ನೂರ ಹನ್ನೆರಡು ಜನ ಚಪ್ಪಾಳೆ ತಟ್ಟಿದರು. ಗವರ್ನರ್ ಸಾಹೇಬರು "ಈಗ ಇದು ಹಗ್ಗ" ಎಂದರು.

ನಾನು ಸೊಂಟದ ಪಟ್ಟಿ ಬಿಗಿದು, ಕಟ್ಟೆಯಿಂದ ಬಿಟ್ಟ ಎರಡನೇ ಹಗ್ಗವೊಂದನ್ನು ಅದಕ್ಕೆ ಕಟ್ಟಿಕೊಂಡು, ಬ್ಯಾನರನ್ನು ಬೆನ್ನಿಗೇರಿಸಿ, ಪುಲ್ಲಿಯನ್ನು ಹಗ್ಗಕ್ಕೆ ಸಿಕ್ಕಿಸಿದೆ. ಅರ್ಧ ಭಾರ ಹಾಕಿದೆ. ಹಿಂದೆ ಕಲ್ಲುಕಂಬ ಕರ್ ಎಂದಿತು, ಒಂದು ಬೆರಳಿನಷ್ಟು ನನ್ನ ಕಡೆಗೆ ಬಾಗಿತು. ನಾನು ಕಂಬಕ್ಕಿಂತ ಬೇಗ ಕಟ್ಟೆಗೆ ವಾಪಸಾದೆ.

"ಯಾಕ್ರೀ ಬಂದ್ರಿ?" ನಿರ್ದೇಶಕರು ಹಲ್ಲು ಕಚ್ಚಿಕೊಂಡೇ ಕೇಳಿದರು.

"ಕಂಬ ಶಿಸ್ತು ಮೀರ್ತಾ ಇದೆ, ಸಿ ಅಲ್ಲಾವಾ. ಆರು ಮೀಟರ್ ಸಡಿಲ ಬಿಡ್ಲೇಬೇಕು."

"ಗವರ್ನರ್ ಎದುರಿಗಾ? ಅದಕ್ಕಿಂತ ನೀವು ಬೀಳೋದೇ ವಾಸಿ. ಬಿದ್ರೆ ಪರಿಹಾರಕ್ಕೆ ನಿಯಮ ಇದೆ. ಜೋಲಿಗೆ ಇಲ್ಲ."

ಆ ಮಾತು ಕೇಳಿ ನನಗೆ ಅಳು ಬಂತು. ಅದಕ್ಕೆ ಕಲಮು ಇಲ್ಲದ್ದರಿಂದ ನುಂಗಿಕೊಂಡೆ. ಆಗ ಸಾಸಿ ಮುಂದೆ ಬಂದ.

"ಹಗ್ಗ ನೆಟ್ಟಗಿದ್ದದ್ದನ್ನ ಎಲ್ರೂ ನೋಡಿಯಾಯ್ತಲ್ಲ, ಸಿ ಅಲ್ಲಾವಾ? ಇನ್ನು ಅಣ್ಣ ಮೇಲಿರೋವಷ್ಟು ಹೊತ್ತು ಯಾರೂ ನೋಡೋದು ಬೇಡ. ನೋಡ್ದೇ ಇದ್ರೆ ಜೋಲು ಎಲ್ಲಿ ಬಂತು?"

ಸಿ ಅಲ್ಲಾವಾ ಮೈಕು ಹಿಡಿದರು. "ಗೌರವಾನ್ವಿತ ಗವರ್ನರ್ ಸಾಹೇಬರಲ್ಲಿಯೂ ಸಮಸ್ತ ನಾಗರಿಕರಲ್ಲಿಯೂ ವಿನಂತಿ. ಕಾಮಗಾರಿಯ ಘನತೆಯ ದೃಷ್ಟಿಯಿಂದ, ನೌಕರನು ಹಗ್ಗದ ಮೇಲಿರುವ ಅವಧಿಯಲ್ಲಿ ಎಲ್ಲರೂ ಕಮರಿಗೆ ಬೆನ್ನು ಮಾಡಿ ನಿಲ್ಲತಕ್ಕದ್ದು." ಗವರ್ನರ್ ಸಾಹೇಬರು ಮೊದಲು ತಿರುಗಿದರು. ಅವರ ಹಿಂದೆ ಬ್ಯಾಂಡಿನವರು, ಅಗ್ನಿಶಾಮಕ ದಳ, ಆಂಬುಲೆನ್ಸಿನ ಡ್ರೈವರು, ಫೋಟೋದವರು. ಆಂಬುಲೆನ್ಸನ್ನೂ ರಿವರ್ಸ್ ತೆಗೆದು ತಿರುಗಿಸಿ ನಿಲ್ಲಿಸಲಾಯಿತು.

ಸಾಸಿಯೂ ಕಮರಿಗೆ ಬೆನ್ನು ಮಾಡಿಕೊಂಡೇ ವಿಂಚಿನ ಹಿಡಿ ತಿರುಗಿಸಿ ಹಗ್ಗ ಸಡಿಲ ಬಿಟ್ಟ. ನಾನು ಸರ್ರನೆ ಜಾರಿ ನಡುವಿಗೆ ಹೋಗಿ, ನುವಾರಳ ಒದ್ದೆ ಕಂಬಳಿಯ ಹಾಗೆ ಜೋಲಾಡಿದೆ. ಕಂಬ ಉಸಿರೆತ್ತಲಿಲ್ಲ. ತಡಕಾಡಿ ಬ್ಯಾನರು ಕಟ್ಟಿದೆ. ಕಷ್ಟ ಬಂದದ್ದು ವಾಪಸಾಗುವಾಗ. ಜೋಲಿನ ಹಗ್ಗದಲ್ಲಿ ಹೋಗುವುದು ಇಳಿಜಾರು, ಬರುವುದು ಏರು. ತೊಂಬತ್ತೆರಡು ಕೇಜಿಯ ಶಾಖಾ ಮುಖ್ಯಸ್ಥನಾದ ನಾನು ಹನ್ನೊಂದು ವರ್ಷ ಕುರ್ಚಿಯಲ್ಲಿ ಕೂತ ತೋಳುಗಳಿಂದ ನಾಲ್ಕು ಮೀಟರ್ ಏರಿ, ಐದು ಮೀಟರ್ ಜಾರಿದೆ.

"ಅಯ್ಯೋ, ಯಾರಾದ್ರೂ ನೋಡ್ರಪ್ಪಾ!" ಎಂದು ಕೂಗಿದೆ. ಇನ್ನೂರ ಹನ್ನೆರಡು ಬೆನ್ನುಗಳು ಕದಲಲಿಲ್ಲವಂತೆ. ನಮ್ಮ ಊರಿನ ಜನ ಇಷ್ಟು ನಿಯಮ ಪಾಲಿಸಿದ್ದನ್ನು ನಾನು ಹಿಂದೆಂದೂ ಕಂಡಿಲ್ಲ. ನನ್ನ ಕೂಗು ಮುಚ್ಚಿಹೋಗಲೆಂದು ಬ್ಯಾಂಡಿನವರು ಬಾರಿಸತೊಡಗಿದರು.

ಕೊನೆಗೆ ನನ್ನ ಸೊಂಟಕ್ಕೆ ಕಟ್ಟಿದ್ದ ಎರಡನೇ ಹಗ್ಗ ಬಿಗಿಯಿತು. ಕಟ್ಟೆಯ ಮೇಲೆ ಸಾಸಿ ಅದನ್ನು ಹೆಗಲಿಗೆ ಹಾಕಿಕೊಂಡು, ನನಗೆ ಬೆನ್ನು ಮಾಡಿ, ಊರಿನ ಕಡೆ ಒಂದೊಂದೇ ಹೆಜ್ಜೆ ಇಡುತ್ತಿದ್ದನಂತೆ. ಒಂದು ಸಲವೂ ತಿರುಗಿ ನೋಡಲಿಲ್ಲವಂತೆ. ಅವನು ಕೆಲಸವನ್ನೂ ಮಾಡಿದ, ಕಾನೂನನ್ನೂ ಮುರಿಯಲಿಲ್ಲ. ಇಂಥವನನ್ನು ಹನ್ನೊಂದು ವರ್ಷ ನನ್ನ ಬದಲಿಗೆ ಕಳಿಸಿದ್ದಕ್ಕೆ ನನಗೆ ನಾಚಿಕೆಯಾಯಿತು.

ನಾನು ಕಟ್ಟೆ ಹತ್ತಿದ ಮೇಲೆ ವಿಂಚು ಮತ್ತೆ ಹಗ್ಗವನ್ನು ಬಿಗಿಯಿತು. ಬ್ಯಾನರು ಹಗುರ, ಕಂಬ ತಡೆದುಕೊಂಡಿತು. ಎಲ್ಲರೂ ಈ ಕಡೆ ತಿರುಗಿದರು. ನೆಟ್ಟನೆಯ ಹಗ್ಗ, ನೆಟ್ಟನೆಯ ಅಕ್ಷರ: ಸುರಕ್ಷತೆಯೇ ಮೊದಲು. ಗವರ್ನರ್ ಸಾಹೇಬರು ಸಂತೋಷಪಟ್ಟು, ಪ್ರಾಂತ್ಯದ ಇತರ ಊರುಗಳೂ ಈ ಪದ್ಧತಿಯನ್ನು ಅನುಸರಿಸಬೇಕೆಂದರು.

ಸಂಜೆ ಮಹಜರು ತಯಾರಾಯಿತು: "ಕಾಮಗಾರಿಯ ಅವಧಿಯಲ್ಲಿ ಹಗ್ಗವು ಜೋಲು ಬಿದ್ದಿದ್ದನ್ನು ನಾವು ಯಾರೂ ನೋಡಿರುವುದಿಲ್ಲ." ಇನ್ನೂರ ಹನ್ನೆರಡು ಜನ ಸಹಿ ಹಾಕಿದರು. ಒಂದೂ ಸುಳ್ಳು ಸಹಿಯಲ್ಲ. ಸಾಸಿಯೂ ಹಾಕಿದ. ಕಡೆಗೆ ಕಾಗದ ನನ್ನ ಮುಂದೆ ಬಂತು.

ನಾನೂ ಹಾಕಿದೆ. ಅದೂ ಸುಳ್ಳಲ್ಲ. ಹಗ್ಗದ ಮೇಲಿದ್ದಷ್ಟು ಹೊತ್ತೂ ನಾನು ಕಣ್ಣು ಮುಚ್ಚಿಕೊಂಡಿದ್ದೆ.