ಚಿಕ್ಕಪ್ಪನ ಗ್ಲೋಬ್ ವಾಲ್ವ್

ನಮ್ಮ ಚಿಕ್ಕಪ್ಪನ ಪ್ರಕಾರ ಭೂಮಿಯ ಮೇಲಿರುವುದು ಎರಡೇ ಜಾತಿ: ಗೇಟ್ ವಾಲ್ವ್ ಜಾತಿ, ಗ್ಲೋಬ್ ವಾಲ್ವ್ ಜಾತಿ! ಮೊದಲನೆಯವರು ತೆರೆದರೆ ಪೂರ್ತಿ, ಮುಚ್ಚಿದರೆ ಪೂರ್ತಿ. ಎರಡನೆಯವರು ಬೇಕಾದಷ್ಟೇ ತೆರೆದುಕೊಳ್ಳುವ ಹದ ಬಲ್ಲವರು. “ನಾನು ಯಾವ ಜಾತಿ ಚಿಕ್ಕಪ್ಪ?” ಎಂದು ಒಮ್ಮೆ ಕೇಳಿದೆ. “ನೀನಾ? ನೀನು ಬರೀ ಲೀಕು” ಎಂದರು.

ಜಾವಳಿಯ ಅವರ ತೋಟದಲ್ಲಿ ಸ್ಪ್ರಿಂಕ್ಲರ್ ಲೈನಿನಿಂದ ಕೊಟ್ಟಿಗೆಯ ನಲ್ಲಿಯವರೆಗೆ ಎಲ್ಲೆಲ್ಲೂ ಗ್ಲೋಬ್ ವಾಲ್ವೇ. ಮಗಳನ್ನು ನೋಡಲು ವಸ್ತಾರೆಯಿಂದ ಗಂಡಿನ ಕಡೆಯವರು ಬಂದಾಗ, ಉಪ್ಪಿಟ್ಟಿನ ತಟ್ಟೆ ಸರಿಸಿ, ಅರ್ಧಕ್ಕೆ ಕೊಯ್ದ ವಾಲ್ವೊಂದನ್ನು ಮೇಜಿನ ಮೇಲಿಟ್ಟರು!

“ನೋಡಿ, ನೀರು ಇದರೊಳಗೆ ನೆಟ್ಟಗೆ ನುಗ್ಗಂಗಿಲ್ಲ. ಮೇಲಕ್ಕೆ ತಿರುಗಿ, ಈ ತೂತು ಹಾದು, ಆಮೇಲೆ ಹೊರಗೆ. ತೂತಿನ ಮೇಲೆ ಈ ಬಿಲ್ಲೆ. ಚಕ್ರ ತಿರುಗಿಸಿದಷ್ಟು ಬಿಲ್ಲೆ ಏಳ್ತದೆ, ಎದ್ದಷ್ಟೇ ನೀರು!”

ಗಂಡಿನ ತಂದೆ “ಹುಡುಗಿ ಎಲ್ಲಿ?” ಎಂದು ಎರಡು ಸಲ ಕೇಳಬೇಕಾಯಿತು. ಒಳಗಿನಿಂದ ಚಿಕ್ಕಮ್ಮ, “ರೀ, ಅದೊಂದನ್ನ ನಿಮ್ಮ ಬಾಯಿಗೂ ಹಾಕಿಸ್ಕೊಳ್ಳಿ ಮಾರಾಯ್ರೆ!” ಎಂದರು.

ಮೇಸ್ತ್ರಿ ಒಮ್ಮೆ ವಾಲ್ವನ್ನು ಹಿಂದುಮುಂದಾಗಿ ಕೂರಿಸಿದ್ದ. “ಮೈಮೇಲೆ ಬಾಣದ ಗುರುತು ಇಲ್ವೇನೋ? ನೀರು ಹೋಗೋ ಕಡೆಗೆ ಬಾಣ ಇರ್ಬೇಕು!” ಎಂದು ಚಿಕ್ಕಪ್ಪ ಕೂಗಾಡಿದರು. ಅವನು ತಣ್ಣಗೆ, “ನೀರಿಗೆ ಅದನ್ನ ಓದಕ್ಕೆ ಬರ್ತದಾ ಅಯ್ಯಾ?” ಎಂದ.

ಹೋದ ವರ್ಷ ಚಿಕ್ಕಮ್ಮನಿಗೆ ಲಕ್ವ ಹೊಡೆದು ಬಲಗೈ ಸೋತಿತು. ಬಚ್ಚಲಿನ ಹಳೆಯ ನಲ್ಲಿಯನ್ನು ಅವರು ಒದ್ದಾಡಿ ತಿರುಗಿಸಿದರೆ ಬಿಸಿನೀರು ಒಮ್ಮೆಲೇ ಮೈಮೇಲೆ ನುಗ್ಗುತ್ತಿತ್ತು. ಆದರೂ ಯಾರನ್ನೂ ಒಳಗೆ ಬಿಡರು. “ಸ್ನಾನಕ್ಕೂ ಇನ್ನೊಬ್ಬರ ಕೈ ಕಾಯೋದಾದ್ರೆ ನಾನು ಯಾತಕ್ಕೆ ಬದುಕ್ಬೇಕು?” ಎಂದು ಅತ್ತರು. ಮಾರನೆಯ ದಿನವೇ ಬಚ್ಚಲಿಗೆ ಗ್ಲೋಬ್ ವಾಲ್ವ್ ಬಂತು. ಅದರ ಕೆಂಪು ಚಕ್ರವೋ, ಬಸ್ಸಿನ ಸ್ಟೇರಿಂಗಿನಷ್ಟು! “ಸ್ನಾನ ಮಾಡ್ಕೊಂಡೇ ಕಳಸಕ್ಕೆ ಹೋಗಿಬರಬಹುದು” ಎಂದು ನಾವೆಲ್ಲ ನಕ್ಕಿದ್ದೇ ನಕ್ಕಿದ್ದು.

ಮೊನ್ನೆ ಬೆಳಿಗ್ಗೆ ನೋಡುತ್ತೇನೆ, ಚಿಕ್ಕಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಚ್ಚಲ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದಾರೆ! ಒಳಗೆ ನೀರು ಸಣ್ಣಗೆ ಶುರುವಾಗಿ, ನಿಧಾನವಾಗಿ ದಪ್ಪವಾಗುತ್ತಿತ್ತು.

“ಏನ್ ಚಿಕ್ಕಪ್ಪ ಇದು?”

“ಶ್! ಬಲಗೈಲೇ ತಿರುಗಿಸ್ತಿದಾಳೆ. ಎಡಗೈ ಆಗಿದ್ರೆ ಸರ್ರಂತ ಬರ್ತಿತ್ತು, ನೀರಿನ ಸದ್ದು ಕೇಳಿದ್ರೆ ಗೊತ್ತಾಗ್ತದೆ. ನಿನ್ನೆ ಒಂದು ಸುತ್ತು. ಇವತ್ತು ಒಂದೂವರೆ.”

ಅಷ್ಟರಲ್ಲಿ ಒಳಗಿನಿಂದ ಚಿಕ್ಕಮ್ಮ, “ಯಾರ್ರೀ ಅದು ಬಾಗಿಲ ಹತ್ರ?” ಎಂದರು.

ಊರಿಗೆಲ್ಲ ಕೇಳುವಂತೆ ಮಾತಾಡುವ ಮನುಷ್ಯ, ಟವೆಲನ್ನು ಬಾಯಿಗೊತ್ತಿಕೊಂಡು ಸುಮ್ಮನೆ ನಿಂತಿದ್ದರು.