ಕಂಬದ ಮೇಲಿನ ಕೆಂಪು ಮುಖಕ್ಕೊಂದು ಬಿನ್ನಹ

ನಮ್ಮ ಬೀದಿಯ ತಿರುವಿನಲ್ಲಿ, ದೀಪದ ಕಂಬದ ಮೇಲೆ, ಎರಡಾಳೆತ್ತರದಲ್ಲಿ ವಿರಾಜಮಾನರಾಗಿ, ಬಿಸಿಲಿಗೆ ಬಾಡದೆ, ಮಳೆಗೆ ನೆನೆಯದೆ, ನಮ್ಮೆಲ್ಲರ ಉಸಿರಿನ ಮೇಲೆ ಕಣ್ಣಿಟ್ಟಿರುವ ಗಾಳಿಮಾಪಕ ಯಂತ್ರ ಮಹಾಶಯರ ಸನ್ನಿಧಾನಕ್ಕೆ, ಈ ಬೀದಿಯ ನಿವಾಸಿಗಳ ಸಂಘದ ಕಾರ್ಯದರ್ಶಿಯೂ, ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಮಹಾರಾಜನೂ, ಈಗ ವಿಮಾ ಕಚೇರಿಯಲ್ಲಿ ಗುಮಾಸ್ತನೂ ಆಗಿರುವ ನಾನು, ಸಾಷ್ಟಾಂಗ ಎರಗಿದರೆ ತಮ್ಮ ಮುಖ ಕಾಣಿಸದ ಕಾರಣ, ನಿಂತುಕೊಂಡೇ ಕತ್ತೆತ್ತಿ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಾವು ಕ್ಷೇಮವೋ ಅಲ್ಲವೋ ಎಂಬುದನ್ನು ತಾವೇ ನಿಮಿಷಕ್ಕೊಮ್ಮೆ ಅಂಕಿಯಲ್ಲಿ ಬೆಳಗಿಸಿ ಊರಿಗೆಲ್ಲ ಸಾರುತ್ತಿರುವುದರಿಂದ ಅದನ್ನು ಮತ್ತೆ ಬರೆದು ತಮ್ಮ ಅಮೂಲ್ಯ ಸಮಯವನ್ನು ಕದಿಯಲಾರೆ.

ತಾವು ದಯಮಾಡಿಸುವ ಮುನ್ನ ನಮ್ಮ ಬೀದಿಯಲ್ಲಿ ಗಾಳಿ ಎಂಬುದೊಂದಿದೆ ಎಂದೇ ನಮಗೆ ಹೊಳೆದಿರಲಿಲ್ಲ. ಬೆಳಿಗ್ಗೆ ಎದ್ದವನೇ ನಾನು ಸ್ಕೂಟರನ್ನು ಬಾಗಿಲಿಗೆ ತಂದು, ಚಾಲೂ ಮಾಡಿ, ಅದು ಬೆಚ್ಚಗಾಗಲೆಂದು ಅಲ್ಲೇ ಬಿಟ್ಟು, ಒಳಗೆ ಹೋಗಿ ಚಹಾ ಕುಡಿದು, ಕಾಲುಚೀಲ ಹುಡುಕಿ, ಒಂದು ಸಿಕ್ಕಿ ಇನ್ನೊಂದು ಸಿಗದೆ ಮನೆಯಾಕೆಯೊಡನೆ ನಾಲ್ಕು ಮಾತು ಆಡಿ, ಐದನೆಯದನ್ನು ಕೇಳಿಸಿಕೊಂಡು ಹೊರಬರುವ ಹೊತ್ತಿಗೆ ನನ್ನ ಮನೆಯ ಮುಂದೆ ರಂಗದ ಮೇಲೆ ದೇವಲೋಕ ಇಳಿದಂತೆ ಬಿಳಿಹೊಗೆ ಆವರಿಸಿರುತ್ತಿತ್ತು, ಆ ಹೊಗೆಯನ್ನು ಸೀಳಿಕೊಂಡು ನಾನು ಕಚೇರಿಗೆ ಪ್ರವೇಶ ಕೊಡುತ್ತಿದ್ದೆ. ಎದುರುಮನೆಯ ನಿವೃತ್ತ ಹೆಡ್ಮಾಸ್ತರರು ಸೊಳ್ಳೆಗಳಿಗೆ ಶಿಸ್ತು ಕಲಿಸುವ ಸಲುವಾಗಿ ದಿನಕ್ಕೊಂದು ರಾಶಿ ಒಣ ಎಲೆಗೆ ಬೆಂಕಿ ಹಚ್ಚುತ್ತಿದ್ದರು. ಸಂಜೆ ಬೀದಿಯ ತಿರುವಿನಲ್ಲಿ ನನಗೆ ತಪ್ಪದೆ ಒಂದು ಕೆಮ್ಮು ಬರುತ್ತಿತ್ತು, ಕೆಮ್ಮು ಕೇಳಿದೊಡನೆ ಮನೆಯಾಕೆ ಒಲೆಯ ಮೇಲೆ ಚಹಾಕ್ಕೆ ನೀರಿಡುತ್ತಿದ್ದಳು. ಇಂಥ ಸುಖಸಂಸಾರದ ನೆತ್ತಿಯ ಮೇಲೆ ತಾವು ಬಂದು ಕುಳಿತಿರಿ.

ಕುಳಿತವರು ಬರೀ ಅಂಕಿ ತೋರಿಸಿದ್ದರೆ ನಾವು ಸಹಿಸುತ್ತಿದ್ದೆವು, ಅಂಕಿಗೆ ಹೆದರುವ ಪೈಕಿ ನಾವಲ್ಲ. ತಾವೋ, ಅಂಕಿಯ ಪಕ್ಕದಲ್ಲಿ ಒಂದು ಮುಖ ತೋರಿಸುತ್ತೀರಿ. ಗಾಳಿ ಚೆನ್ನಾಗಿದ್ದರೆ ಹಸಿರು ಬಣ್ಣದ ನಗುಮುಖ, ಪರವಾಗಿಲ್ಲ ಅನ್ನುವಂತಿದ್ದರೆ ಹಳದಿ ಬಣ್ಣದ ಗಂಟುಮುಖ, ಕೆಟ್ಟಿದ್ದರೆ ಕೆಂಪು ಬಣ್ಣದ ಅಳುಮುಖ. ಮೂವತ್ತು ವರ್ಷ ಮುಖಕ್ಕೆ ಬಣ್ಣ ಹಚ್ಚಿದವನು ನಾನು, ರೌದ್ರದಿಂದ ಕರುಣಕ್ಕೆ ಹೊರಳಲು ನನಗೆ ಅರ್ಧ ಪದ್ಯ ಬೇಕಾಗುತ್ತಿತ್ತು. ತಾವು ಬಂದ ದಿನದಿಂದ ಒಂದೇ ರಸವನ್ನು ಹಿಡಿದು, ಬೆಳಗಿನಿಂದ ಬೈಗಿನವರೆಗೂ ಕೆಂಪಗೆ ಅಳುತ್ತ ನಿಂತಿರಲ್ಲ, ಆ ನಿಷ್ಠೆಗೆ ಕಲಾವಿದನಾಗಿ ತಲೆಬಾಗುತ್ತೇನೆ, ನಿವಾಸಿಯಾಗಿ ಹಲ್ಲು ಕಡಿಯುತ್ತೇನೆ.

ಈಗ ಒಂದು ತಪ್ಪೊಪ್ಪಿಗೆ, ಅದನ್ನು ತಮ್ಮಲ್ಲಲ್ಲದೆ ಬೇರೆಲ್ಲೂ ಹೇಳಿಕೊಳ್ಳಲಾರೆ. ತಮ್ಮ ಅಳು ನಿಲ್ಲದ್ದನ್ನು ಕಂಡು ಗಾಳಿ ಇಲಾಖೆಯ ಸಾಹೇಬರು ನಮ್ಮ ಸಂಘಕ್ಕೆ ಒಂದು ಅರ್ಜಿ ನಮೂನೆ ಕಳಿಸಿದ್ದರು. ಅದರ ಏಳನೆಯ ಕಲಮಿನಲ್ಲಿ, "ಹೊಗೆಯ ಮೂಲ, ಒಂದನ್ನು ಮಾತ್ರ ಬರೆಯುವುದು" ಎಂದಿತ್ತು. ಒಂದನ್ನು ಮಾತ್ರ ಎಂದರೆ ಯಾವುದನ್ನು ಬರೆಯಲಿ. ಹೆಡ್ಮಾಸ್ತರರ ಎಲೆಯೆಂದು ಬರೆದರೆ ಹೆಡ್ಮಾಸ್ತರರು ನನ್ನ ಕಾಗುಣಿತ ತಿದ್ದುತ್ತಾರೆ, ಅರವತ್ತು ಮನೆಗಳ ಸ್ಕೂಟರುಗಳೆಂದು ಬರೆದರೆ ಅದು ಒಂದಲ್ಲ. ಕಿಟಕಿಯ ಹೊರಗೆ ಕಣ್ಣು ಹಾಯಿಸಿದೆ. ತಮ್ಮ ಕಂಬದ ಬುಡದಲ್ಲಿ, ನಾಲ್ಕು ಗಾಲಿಯ ಗಾಡಿಯ ಮೇಲೆ, ನಮ್ಮ ಇಸ್ತ್ರಿ ಅಕ್ಕ ಇದ್ದಿಲ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು, ಒಂದೆಳೆ ಹೊಗೆ ಏಳುತ್ತಿತ್ತು. "ಇಸ್ತ್ರಿ ಗಾಡಿ" ಎಂದು ಮೊದಲು ಕರಡಿನಲ್ಲಿ, ಆಮೇಲೆ ನಮೂನೆಯಲ್ಲಿ ಬರೆದು, ಕರಡನ್ನು ಅಂಗಿಯ ಜೇಬಿಗೆ ತುರುಕಿ, ಸಹಿ ಹಾಕಿ, ಸಂಘದ ಮೊಹರು ಒತ್ತಿದೆ. ಅಷ್ಟನ್ನು ಬರೆಯುವವರೆಗೂ ನನ್ನ ಸ್ಕೂಟರು ಬಾಗಿಲಲ್ಲಿ ಬೆಚ್ಚಗಾಗುತ್ತಿತ್ತು. ಹದಿನೈದು ವರ್ಷದಿಂದ ಆ ಅಕ್ಕ ನನ್ನ ಅಂಗಿಯ ಕಾಲರನ್ನು ಕತ್ತಿಯಂತೆ ನಿಲ್ಲಿಸಿದ್ದಾಳೆ, ನನ್ನ ಹಳೆಯ ಮಹಾರಾಜನ ನಿಲುವಂಗಿಯ ನೂರೆಂಟು ನೆರಿಗೆಗಳನ್ನು ಒಂದೂ ತಪ್ಪದೆ ಕೂರಿಸಿದ್ದಾಳೆ. ಕಲಮಿನಲ್ಲಿ ಅದನ್ನೆಲ್ಲ ಬರೆಯಲು ಜಾಗವಿರಲಿಲ್ಲ.

ವಾರ ಕಳೆಯುವಷ್ಟರಲ್ಲಿ ತಮ್ಮ ಕಂಬಕ್ಕೇ ನೋಟೀಸು ಅಂಟಿತು. ತಿಂಗಳ ಕೊನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಸಾಹೇಬರು ಖುದ್ದು ಬಂದು ನೋಡುವಾಗ ತಮ್ಮ ಮುಖ ಹಸಿರಾಗಿರದಿದ್ದಲ್ಲಿ, ನಿವಾಸಿಗಳೇ ಲಿಖಿತವಾಗಿ ತಿಳಿಸಿರುವಂತೆ ಹೊಗೆಯ ಮೂಲವಾದ ಇಸ್ತ್ರಿ ಗಾಡಿಯನ್ನು ಅಲ್ಲಿಂದ ಎತ್ತಿಸಲಾಗುವುದು. ಅಕ್ಕ ನೋಟೀಸನ್ನು ಎರಡು ಸಲ ಓದಿದಳು. "ಕೆಂಡ ಹೊತ್ತೋವಾಗ ಕಾಲು ಗಂಟೆ ಹೊಗೆ ಬರತ್ತೆ, ಇಲ್ಲ ಅನ್ನಲ್ಲ ಅಣ್ಣ. ಆದ್ರೆ ಬಟ್ಟೆ ಕೊಡೋಕೆ ಅಂತ ನೂರು ಹೆಜ್ಜೆ ದೂರಕ್ಕೂ ಸ್ಕೂಟರಲ್ಲೇ ಬಂದು, ಅದನ್ನ ಆರಿಸದೇನೆ ಅಂಗಿ ಎಣಿಸಿ ಕೊಡ್ತಾರಲ್ಲ, ಅದು ಯಾವ ಕಲಮಿಗೆ ಬರತ್ತೆ?" ಎಂದು ಕೇಳಿದಳು. ನಾನು ಆಗ ತಾನೆ ನೂರು ಹೆಜ್ಜೆ ದೂರದಿಂದ ಸ್ಕೂಟರಿನಲ್ಲೇ ಬಂದು, ಅದನ್ನು ಆರಿಸದೆ ಅಂಗಿ ಎಣಿಸುತ್ತಿದ್ದೆ. ಎಣಿಕೆ ತಪ್ಪಿತು, ಮತ್ತೆ ಒಂದರಿಂದ ಶುರು ಮಾಡಿದೆ.

ಆ ಭಾನುವಾರವೇ ತುರ್ತು ಸಭೆ ಕರೆದೆ. ಗಾಳಿಯನ್ನು ಸರಿಪಡಿಸುವುದು ಯಾರ ಕೈಲೂ ಆಗದ ಕೆಲಸವೆಂದೂ, ಆದರೆ ತಮ್ಮನ್ನು ಸಂತೈಸುವುದು ಸಾಧ್ಯವೆಂದೂ ಒಮ್ಮತದ ತೀರ್ಮಾನವಾಯಿತು. ತಮಗೆ ಕಾಣುವಷ್ಟು ದೂರ ಯಾರೂ ಎಂಜಿನ್ ಓಡಿಸಬಾರದು, ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಸ್ಕೂಟರನ್ನು ತಳ್ಳಿಕೊಂಡು ಹೋಗಿ, ತಿರುವು ದಾಟಿ, ಪಕ್ಕದ ಬೀದಿಯಲ್ಲಿ ಚಾಲೂ ಮಾಡತಕ್ಕದ್ದು. ಹೆಡ್ಮಾಸ್ತರರು ಎಲೆ ಸುಡುವುದನ್ನು ಬಿಟ್ಟು ಹಿತ್ತಲಲ್ಲಿ ಗುಂಡಿ ತೋಡಿ ಗೊಬ್ಬರ ಹಾಕುವುದಾಗಿ ಒಪ್ಪಿದರು, ಆದರೆ ಸೊಳ್ಳೆಗಳು ಅಶಿಸ್ತಿನಿಂದ ಬೆಳೆದರೆ ಸಂಘವೇ ಹೊಣೆಯೆಂದು ನಡಾವಳಿಯಲ್ಲಿ ಬರೆಸಿದರು.

ಮರುದಿನ ಬೆಳಿಗ್ಗೆ ಬೀದಿಯ ವೈಭವವನ್ನು ತಾವೇ ಮೇಲಿನಿಂದ ಕಂಡಿದ್ದೀರಿ. ಹೆಲ್ಮೆಟ್ ಧರಿಸಿದ ಅರವತ್ತು ಜನ ಗೃಹಸ್ಥರು, ಅಶ್ವಮೇಧದ ಕುದುರೆಗಳನ್ನು ನಡೆಸಿಕೊಂಡು ಹೋಗುವವರಂತೆ ಸ್ಕೂಟರುಗಳ ಕಿವಿ ಹಿಡಿದು, ಸದ್ದಿಲ್ಲದೆ ತಮ್ಮ ಮುಂದೆ ಹಾದುಹೋದರು. ಮೂರನೆಯ ದಿನಕ್ಕೆ ತಾವು ಹಳದಿಯಾದಿರಿ. ನಮ್ಮ ಹರ್ಷಕ್ಕೆ ಪಾರವಿರಲಿಲ್ಲ. ಆದರೆ ಪಕ್ಕದ ಬೀದಿಯಲ್ಲಿಯೂ ತಮ್ಮ ಕುಲಬಾಂಧವರೊಬ್ಬರು ಕಂಬವೇರಿ ಕುಳಿತಿದ್ದರು, ನಮ್ಮ ಅರವತ್ತು ಎಂಜಿನ್ನುಗಳು ಅಲ್ಲಿ ಏಕಕಾಲಕ್ಕೆ ಗುಡುಗಿದ್ದರಿಂದ ಅವರು ಕಡುಗೆಂಪಾಗಿದ್ದರು. ಆ ಬೀದಿಯವರೂ ಸಭೆ ಸೇರಿ, ತಮ್ಮ ಸ್ಕೂಟರುಗಳನ್ನು ತಳ್ಳಿಕೊಂಡು ಬಂದು ನಮ್ಮ ಬೀದಿಯಲ್ಲಿ ಚಾಲೂ ಮಾಡುವುದೆಂದು ಗೊತ್ತುವಳಿ ಮಾಡಿದರು. ನಾಲ್ಕನೆಯ ದಿನ ತಿರುವಿನಲ್ಲಿ ಎರಡು ಸೇನೆಗಳು ಮುಖಾಮುಖಿಯಾದವು. ಮಾತಿಗೆ ಮಾತು ಬೆಳೆದು, ಕೊನೆಗೆ ಯಾರೂ ಯಾರ ಬೀದಿಯಲ್ಲೂ ಚಾಲೂ ಮಾಡಕೂಡದೆಂದು ಸಂಧಿಯಾಯಿತು. ಮುಂದಿನ ಬೀದಿಯಲ್ಲಿ ವಿಚಾರಿಸಿದರೆ ಅಲ್ಲಿಯೂ ಒಂದು ಕಂಬ, ಒಂದು ಮುಖ, ಒಂದು ಸಭೆ. ಹೀಗೆ ಚಾಲೂ ಮಾಡಲು ಜಾಗ ಹುಡುಕುತ್ತ ಹುಡುಕುತ್ತ, ಸ್ಕೂಟರು ತಳ್ಳಿಕೊಂಡು, ನಾನು ಕಚೇರಿಯನ್ನೇ ಮುಟ್ಟಿಬಿಟ್ಟೆ. ಸಂಜೆ ಅದನ್ನೇ ತಳ್ಳಿಕೊಂಡು ಮರಳಿದೆ.

ಹತ್ತು ದಿನ ಸ್ಕೂಟರಿಗೆ ಹೀಗೆ ವಾಯುವಿಹಾರ ಮಾಡಿಸಿದ ಮೇಲೆ, ಬೆವರು ಸುರಿಸುತ್ತ ಹೊಸ್ತಿಲಲ್ಲಿ ಕುಸಿದ ನನ್ನನ್ನು ಮನೆಯಾಕೆ ಮೇಲಿನಿಂದ ಕೆಳಗಿನವರೆಗೆ ನೋಡಿ, "ಅಲ್ಲಾ ರೀ, ತಳ್ಕೊಂಡೇ ಹೋಗಿ ತಳ್ಕೊಂಡೇ ಬರೋದಾದ್ರೆ, ಅದನ್ನ ಮನೇಲೇ ಬಿಟ್ಟು ಹೋದ್ರೆ ಅದು ಅಳತ್ತಾ?" ಎಂದಳು. ಬೀದಿಯ ಅರವತ್ತು ಗಂಡಸರ ಬುದ್ಧಿಗೆ ಹತ್ತು ದಿನ ಹೊಳೆಯದ ಈ ಸಂಗತಿಯನ್ನು ನನ್ನ ಸ್ವಂತ ಆಲೋಚನೆಯೆಂದು ಮರುದಿನವೇ ಸಂಘದಲ್ಲಿ ಮಂಡಿಸಿದೆ. ಅಂದಿನಿಂದ ನಾವು ಬರಿಗೈಲಿ ನಡೆಯತೊಡಗಿದೆವು. ದೂರದವರು ಬಸ್ಸು ಹತ್ತಿದರು, ಇನ್ನೂ ಕೆಲವರು ಅಟ್ಟದಿಂದ ಸೈಕಲ್ ಇಳಿಸಿದರು.

ಮಾನ್ಯರೇ, ನನ್ನ ದೂರು ಇಲ್ಲಿಂದ ಶುರು. ತಮ್ಮ ದೆಸೆಯಿಂದ ನನ್ನ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ. ಹನ್ನೆರಡು ವರ್ಷ ಯಶಸ್ವಿಯಾಗಿ ಮುಖ ತಪ್ಪಿಸಿಕೊಂಡಿದ್ದ ಭಾವಮೈದ ದಾರಿಯಲ್ಲಿ ಸಿಕ್ಕಿ, ಕಚೇರಿಯವರೆಗೂ ಜೊತೆಗೆ ನಡೆದು, ತನ್ನ ಮೊಣಕಾಲಿನ ಸಮಗ್ರ ಚರಿತ್ರೆ ಹೇಳುತ್ತಾನೆ. ಎಲ್ಲಕ್ಕಿಂತ ಘೋರವಾದದ್ದೆಂದರೆ ನನ್ನ ಕೆಮ್ಮು ಹೋಯಿತು. ಸದ್ದಿಲ್ಲದೆ ಮನೆ ಸೇರುವ ನನಗೆ ಈಗ ಚಹಾ ಸಿದ್ಧವಿರುವುದಿಲ್ಲ. ಕೆಮ್ಮದೆ ಒಳಬಂದ ಮೊದಲ ದಿನ ಮನೆಯಾಕೆ ಕಳ್ಳನೆಂದು ತಿಳಿದು ಲಟ್ಟಣಿಗೆ ಎತ್ತಿದ್ದಳು.

ತಿಂಗಳ ಕೊನೆಯ ದಿನ ಬೆಳಿಗ್ಗೆ ತಾವು ಹಸಿರಾಗಿ ನಕ್ಕಿರಿ. ಅರವತ್ತು ಮನೆಗಳವರು ತಮ್ಮನ್ನು ನೋಡಿ ನಕ್ಕೆವು. ಅಕ್ಕ ಮಾತ್ರ ಅಂದು ಕೆಂಡ ಹಾಕಿರಲಿಲ್ಲ, ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಅವರವರಿಗೆ ಹಿಂದಿರುಗಿಸುತ್ತಿದ್ದಳು. ಹನ್ನೊಂದೂವರೆಗೆ ಸಾಹೇಬರ ಜೀಪು ಬಂದು ತಮ್ಮ ಕಂಬಕ್ಕೆ ಆನಿಕೊಂಡೇ ನಿಂತಿತು. ಸಾಹೇಬರಿಗೆ ಸೆಖೆ, ತಂಪು ಯಂತ್ರ ಬೇಕು, ಹಾಗಾಗಿ ಎಂಜಿನ್ ಆರಿಸುವಂತಿಲ್ಲ. ಒಂದು ಕಾಲು ಹೊರಗೆ, ಒಂದು ಕಾಲು ಜೀಪಿನಲ್ಲಿಟ್ಟು ಅವರು ಶುದ್ಧ ಗಾಳಿಯ ಮಹತ್ವದ ಕುರಿತು ಅರ್ಧ ಗಂಟೆ ಮಾತನಾಡಿದರು. ಅವರು ಮುನ್ನುಡಿ ಮುಗಿಸುವಾಗ ತಾವು ಹಳದಿಯಾದಿರಿ, ಉಪಸಂಹಾರಕ್ಕೆ ಬರುವಾಗ ಕೆಂಪಗೆ ಅಳುತ್ತಿದ್ದಿರಿ. ಹನ್ನೆರಡು ಹೊಡೆಯಿತು. ಸಾಹೇಬರು ಮೇಲೆ ನೋಡಿ, ಕಡತ ನೋಡಿ, "ನೀವೇ ಬರೆದು ಕೊಟ್ಟಿದ್ದೀರಲ್ಲ, ಮೂಲ ಇದೇ" ಎನ್ನುತ್ತ, ಎಲ್ಲರಿಗೂ ಮನವರಿಕೆ ಮಾಡಿಸಲೆಂದು ಇಸ್ತ್ರಿಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಇಟ್ಟ ಕೈ ಇಟ್ಟಂತೆಯೇ ಇತ್ತು. ಪೆಟ್ಟಿಗೆ ತಣ್ಣಗಿತ್ತು. "ಇವತ್ತು ಹೊತ್ಸೇ ಇಲ್ಲ ಸಾರ್" ಎಂದಳು ಅಕ್ಕ, ಮೆಲ್ಲಗೆ.

ಅರವತ್ತು ಮನೆಗಳ ಕಣ್ಣು ಜೀಪಿನ ಕಡೆ ತಿರುಗಿತು. ಆ ಗಳಿಗೆಯಲ್ಲಿ ನನ್ನೊಳಗಿನ ಮಹಾರಾಜ ಎದ್ದ. ಧೂಳು ಕುಡಿದು ನಾಟಕದ ಮಾತಿನ ಹನ್ನೊಂದನೆಯ ಸಾಲಿಗೇ ಕುಸಿಯುತ್ತಿದ್ದ ನನ್ನ ಉಸಿರು, ಒಂದು ತಿಂಗಳ ನಡಿಗೆಯಿಂದ ತುಂಬಿ ನಿಂತಿತ್ತು, "ಎಂಜಿನ್ ಆರಿಸಿ" ಎಂಬ ಎರಡೇ ಪದವನ್ನು ಬೀದಿಯ ಆ ತುದಿಯ ಬಾಗಿಲುಗಳು ಅದುರುವಂತೆ ಒಗೆದೆ. ಗಾಬರಿಗೊಂಡ ಚಾಲಕ ಕೀಲಿ ತಿರುಗಿಸಿ ಆರಿಸಿಯೇಬಿಟ್ಟ. ಆಮೇಲೆ ತಲೆಯ ಮೇಲೆ ಕೈ ಹೊತ್ತು, "ಸಾರ್, ಬ್ಯಾಟರಿ ಸತ್ತು ಎರಡು ವರ್ಷ ಆಯ್ತು, ಅದಕ್ಕೇ ಆರಿಸ್ತಾನೇ ಇರ್ಲಿಲ್ಲ. ಇದನ್ನ ಇನ್ನು ತಳ್ಳಬೇಕು" ಎಂದ.

ತಳ್ಳುವುದರಲ್ಲಿ ಈ ಜಗತ್ತಿನಲ್ಲಿ ನಮ್ಮನ್ನು ಮೀರಿಸುವವರಿಲ್ಲ ಎಂಬುದು ತಮಗೆ ಗೊತ್ತಿದ್ದದ್ದೇ. ಆದರೆ ಯಾರೂ ಹೆಜ್ಜೆ ಎತ್ತಲಿಲ್ಲ. ಹೆಡ್ಮಾಸ್ತರರು ಕನ್ನಡಕ ಸರಿಪಡಿಸಿಕೊಂಡು, "ಮೊದಲು ಅಳತೆ ಇನ್ನೊಂದ್ಸಲ ಆಗಲಿ ಸ್ವಾಮಿ, ನಾವೇನು ಓಡಿಹೋಗಲ್ಲ, ನಿಮ್ಮ ಜೀಪಂತೂ ಹೋಗಲ್ಲ" ಎಂದರು. ಕಾದೆವು. ಜೀಪು ಆರಿ ಮುಕ್ಕಾಲು ಗಂಟೆಗೆ ತಾವು ಹಳದಿಯಾದಿರಿ, ಇನ್ನರ್ಧ ಗಂಟೆಗೆ ಹಸಿರು. ನಾನು ಸಾಹೇಬರ ಕಡತದಲ್ಲಿದ್ದ ನಮೂನೆಯ ಏಳನೆಯ ಕಲಮು ತೆರೆದು, "ಇಸ್ತ್ರಿ ಗಾಡಿ" ಎಂಬುದನ್ನು ನನ್ನ ಕೈಯಾರೆ ಹೊಡೆದು, "ನಾವು" ಎಂದು ಬರೆದೆ. ಒಂದನ್ನು ಮಾತ್ರ ಬರೆಯುವುದು ಎಂಬ ನಿಯಮವನ್ನು ಮೀರಿಲ್ಲವೆಂದು ಭಾವಿಸುತ್ತೇನೆ. ಗಾಡಿ ಇದ್ದಲ್ಲೇ ಇರತಕ್ಕದ್ದೆಂದು ಸಾಹೇಬರು ಜೀಪಿನೊಳಗೆ ಕುಳಿತೇ ಸಹಿ ಹಾಕಿದರು, ಶಾಯಿ ಒಣಗಿದ ಮೇಲೆ ಎರಡೂ ಬೀದಿಯವರು ಸೇರಿ ಅವರನ್ನು ಅವರ ಕಚೇರಿಯ ಮೆಟ್ಟಿಲವರೆಗೂ ತಳ್ಳಿದೆವು. ದಾರಿಯ ಯಾವ ಕಂಬದ ಮುಖವೂ ಬಾಡಲಿಲ್ಲ. ಹೆಡ್ಮಾಸ್ತರರು ತಮ್ಮ ಎಲೆಯ ಪ್ರಾಯಶ್ಚಿತ್ತಕ್ಕೆಂದು ಅಕ್ಕನ ಗಾಡಿಗೆ ಮನೆಯಿಂದ ವಿದ್ಯುತ್ ತಂತಿ ಎಳೆಸಿಕೊಟ್ಟಿದ್ದಾರೆ, ಕೆಂಡದ ಕಾಲು ಗಂಟೆಯೂ ಈಗ ಉಳಿದಿಲ್ಲ.

ಕೊನೆಯದಾಗಿ ಕೆಲವು ಸಣ್ಣ ಬೇಡಿಕೆಗಳು. ಸಾಹೇಬರು ಭಾಷಣ ಮಾಡುವಾಗ ತಾವು ದಯವಿಟ್ಟು ಉಸಿರು ಬಿಗಿಹಿಡಿಯಬೇಕು. ನನ್ನ ಕೆಮ್ಮನ್ನು, ಚಹಾದ ಹೊತ್ತಿಗೆ ಒಂದೇ ಒಂದು ಸಲ, ಹಿಂದಿರುಗಿಸಬೇಕು. ಭಾವಮೈದ ತಿರುವಿನಲ್ಲಿ ಕಾಣಿಸಿದಾಗ ತಾವು ಕೆಂಪಾಗಿ ನನಗೆ ಮುನ್ಸೂಚನೆ ಕೊಡಬೇಕು. ಒಂದು ದಿನವಾದರೂ ಕಂಬದಿಂದ ಇಳಿದು ನಮ್ಮೊಡನೆ ಕಚೇರಿಯವರೆಗೆ ನಡೆದು ಬರಬೇಕು, ಬಂದರೆ ಹಸಿರು ಮುಖ ಹೊತ್ತು ನಗುವುದಕ್ಕೆ ಎಷ್ಟು ಬೆವರು ಬೇಕೆಂಬುದು ತಮಗೂ ತಿಳಿದೀತು.

ತಮ್ಮ ಮುಖವನ್ನೇ ನೋಡಿ ಮನೆಯಿಂದ ಹೊರಡುವ, ಸ್ಕೂಟರಿಗೆ ಗೋಣಿ ಹೊದಿಸಿರುವ,
ತಮ್ಮ ವಿಶ್ವಾಸಿ,
ಕಾರ್ಯದರ್ಶಿ (ಕಾಲ್ನಡಿಗೆಯಲ್ಲಿ)

ತಾ.ಕ.: ಈ ಪತ್ರ ಬರೆದು ಮುಗಿಸುವಾಗ ಇಸ್ತ್ರಿಯಾದ ಅಂಗಿಗಳು ಬಂದವು. ಮೇಲಿನ ಅಂಗಿಯ ಜೇಬಿನಲ್ಲಿ ಮಡಿಸಿದ ಕಾಗದವೊಂದಿತ್ತು, ಬಿಚ್ಚಿ ನೋಡಿದರೆ ಏಳನೆಯ ಕಲಮಿನ ನನ್ನ ಕರಡು, ನನ್ನದೇ ಅಕ್ಷರ, ನೋಟೀಸು ಬರುವುದಕ್ಕೂ ಒಂದು ವಾರ ಹಿಂದಿನ ತಾರೀಖು. ಅದನ್ನು ಹಿಡಿದು ಗಾಡಿಯ ಬಳಿಗೆ ನಡೆದೆ. "ಅವತ್ತೇ ಜೇಬಲ್ಲಿ ಸಿಕ್ತು ಅಣ್ಣ. ತುಂಬಾ ಸುಕ್ಕಾಗಿತ್ತು, ನೇರ ಮಾಡಿಟ್ಟಿದ್ದೆ" ಎಂದಳು ಅಕ್ಕ, ಮುಂದಿನ ಅಂಗಿಗೆ ನೀರು ಚಿಮುಕಿಸುತ್ತ. ತಾವು ಆಗ ಹಸಿರಾಗಿಯೇ ಇದ್ದಿರಿ. ಬೀದಿಯಲ್ಲಿ ಕೆಂಪಗಿದ್ದ ಮುಖ ಒಂದೇ, ಅದು ಕಂಬದ ಮೇಲಿರಲಿಲ್ಲ.